ಕೆಂಪು ಪೂರ್ತಿ ಹೋಯಿತಾ?

ನಾನು ಮಂಡ್ಯದ ಒಂದು ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಬರುವ ಬಾಟಲಿಗಳಲ್ಲಿ ಜಾಸ್ತಿ ಬೋರ್‌ವೆಲ್ ನೀರೇ. ತಂದವರ ಮಾತೂ ಹೆಚ್ಚು ಕಮ್ಮಿ ಒಂದೇ: "ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ಸ್ವಲ್ಪ ನೋಡಿ ಮೇಡಂ." ನೀರು ಗಡಸು ಅಂತ ಅವರಿಗೆ ಗೊತ್ತು. ಎಷ್ಟು ಗಡಸು ಅಂತ ಹೇಳುವುದು ನನ್ನ ಕೆಲಸ.

ಸೇರಿದ ಹೊಸತರಲ್ಲಿ ಮದ್ದೂರು ಕಡೆಯ ರೈತರೊಬ್ಬರ ನೀರಿಗೆ 616 ಅಂತ ಬರೆದೆ. ಲೀಟರಿಗೆ ಅಷ್ಟು ಮಿಲಿಗ್ರಾಂ ಗಡಸುತನ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಇದಕ್ಕೆ 200ರ ಮಿತಿ ಹಾಕಿದೆ. ಬೇರೆ ನೀರು ಸಿಗದ ಕಡೆ 600ರವರೆಗೆ ಒಪ್ಪುತ್ತದೆ. ಅಂದರೆ ನನ್ನ ಲೆಕ್ಕದಲ್ಲಿ ಆ ನೀರು ಮಿತಿ ದಾಟಿತ್ತು. ಗಡಿಯ ಹತ್ತಿರ ಇದೆಯಲ್ಲ ಅಂತ ನಮ್ಮ ಸೀನಿಯರ್ ಸರ್ ತಾವೇ ಇನ್ನೊಮ್ಮೆ ಮಾಡಿದರು. 584 ಬಂತು. ಮತ್ತೆ ಮಾಡಿದರು. ಮತ್ತೂ 584.

ಅದೇ ನೀರು, ಅದೇ ಇಡಿಟಿಎ ದ್ರಾವಣ, ಅದೇ ಬ್ಯುರೆಟ್. ಇಡಿಟಿಎ ಅಂದರೆ ನೀರನ್ನು ಗಡಸು ಮಾಡುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಳ್ಳುವ ರಾಸಾಯನಿಕ. ಬ್ಯುರೆಟ್ ಅದನ್ನು ಅಳೆದು ಹನಿ ಹನಿಯಾಗಿ ಬಿಡುವ ಗಾಜಿನ ಕೊಳವೆ. ಬಿಟ್ಟ ಇಡಿಟಿಎಯ ವ್ಯತ್ಯಾಸ 0.8 ಮಿಲಿಲೀಟರ್ ಮಾತ್ರ, ಸುಮಾರು ಹದಿನಾರು ಹನಿ. ನಾವು 25 ಮಿಲಿ ನೀರಿಗೆ 0.01 ಮೋಲಾರ್ ಸಾಂದ್ರತೆಯ ಇಡಿಟಿಎ ಬಿಡುತ್ತೇವೆ. ಹಾಗಾಗಿ ಬ್ಯುರೆಟ್ಟಿನ ಒಂದು ಮಿಲಿ ರಿಪೋರ್ಟಿನಲ್ಲಿ 40 ಆಗುತ್ತದೆ.

ಯಾವಾಗ ನಿಲ್ಲಿಸಬೇಕು ಅಂತ ಹೇಳುವುದು ಇಂಡಿಕೇಟರ್, ಅಂದರೆ ಬಣ್ಣ ಬದಲಿಸಿ ತೋರಿಸುವ ವಸ್ತು. ಕಾಲೇಜಿನಲ್ಲಿ ನನ್ನ ಕಣ್ಣು ಪಳಗಿದ್ದು ಫಿನಾಲ್ಫ್ಥಲೀನ್ ಅನ್ನುವ ಇಂಡಿಕೇಟರಿಗೆ. ಅದನ್ನು ಹೊಸಬರಿಗೆ ಹೇಳಿಕೊಡುವಾಗ ನಾನು ಆರತಿ ತಟ್ಟೆ ನೆನಪಿಸುತ್ತೇನೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ತಕ್ಷಣ ಕೆಂಪು. ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಫಿನಾಲ್ಫ್ಥಲೀನೂ ಹಾಗೇ, ಆಮ್ಲದಲ್ಲಿ ಬಣ್ಣ ಇಲ್ಲ, ಕ್ಷಾರದಲ್ಲಿ ಗುಲಾಬಿ. ಆಮ್ಲಕ್ಕೆ ಕ್ಷಾರ ಬಿಡುವಾಗ ಒಂದೇ ಹನಿಗೆ ಬಣ್ಣ ಕಾಣುತ್ತದೆ. ತಿಳಿ ಗುಲಾಬಿ ಅರ್ಧ ನಿಮಿಷ ನಿಂತರೆ ಸಾಕು. ಇಲ್ಲಿ ಬಣ್ಣ ಬರುವುದನ್ನು ಕಾಯಬೇಕು.

ಗಡಸುತನಕ್ಕೆ ಹಾಕುವ ಇಂಡಿಕೇಟರ್ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಬೇರೆ ಥರ. ಅಮೋನಿಯಾ ಬಫರ್ (ಪಿಎಚ್ ಏರುಪೇರಾಗದಂತೆ ಹಿಡಿಯುವ ದ್ರಾವಣ) ಹಾಕಿ ಪಿಎಚ್ 10ಕ್ಕೆ, ಅಂದರೆ ಕ್ಷಾರದ ಕಡೆಗೆ, ತಂದ ನೀರಿಗೆ ಇದನ್ನು ಹಾಕಿದರೆ ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣ ಬರುತ್ತದೆ. ಇಂಡಿಕೇಟರ್ ಸ್ವಲ್ಪ ಮೆಗ್ನೀಷಿಯಂ ಹಿಡಿದುಕೊಂಡಿರುತ್ತದೆ, ಅದಕ್ಕೇ ಆ ಕೆಂಪು. ನಾವು ಬಿಡುವ ಇಡಿಟಿಎ ಮೊದಲು ನೀರಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿಯುತ್ತದೆ. ಅದೆಲ್ಲ ಮುಗಿದ ಮೇಲೆ ಇಂಡಿಕೇಟರ್ ಹತ್ತಿರ ಇರುವುದನ್ನೂ ಕಿತ್ತುಕೊಳ್ಳುತ್ತದೆ. ಆಗ ನೀಲಿ. ಆದರೆ ಈ ಕಿತ್ತುಕೊಳ್ಳುವ ಕೆಲಸ ನಿಧಾನ. ನಡುವೆ ನೇರಳೆ ಹಣ್ಣಿನ ಬಣ್ಣ ಬಂದು ನಿಲ್ಲುತ್ತದೆ.

ನಾನು ಎಡವಿದ್ದು ಅಲ್ಲೇ. ನೇರಳೆ ಕಂಡ ಕೂಡಲೇ ಇನ್ನೂ ಆಗಿಲ್ಲ ಅಂತ ಹನಿ ಮೇಲೆ ಹನಿ ಬಿಟ್ಟೆ. ಹಿಂದಿನ ಹನಿ ಕೆಲಸ ಮುಗಿಸುವ ಮೊದಲೇ ಮುಂದಿನದು ಬಿದ್ದಿತ್ತು. ಒಮ್ಮೆ ನೀಲಿಯಾದ ಮೇಲೆ ಎಷ್ಟು ಹನಿ ಜಾಸ್ತಿ ಬಿದ್ದರೂ ಅದೇ ನೀಲಿ. ಫ್ಲಾಸ್ಕ್ ನೋಡಿದರೆ ತಪ್ಪು ಗೊತ್ತೇ ಆಗುವುದಿಲ್ಲ.

ಸರ್ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೂರನೇ ಸಲ ಮಾಡಿ ತೋರಿಸಿದರು. ಬ್ಯುರೆಟ್ಟಿನ ಕಾಕ್ ಅರ್ಧ ತಿರುಗಿಸಿ ಒಂದು ಹನಿ ಬಿಟ್ಟರು. ಫ್ಲಾಸ್ಕ್ ಆಡಿಸಿ ಐದು ಎಣಿಸಿದರು. ಮತ್ತೆ ಒಂದು ಹನಿ. "ನೀಲಿ ಬಂತಾ ಅಂತ ನೋಡಬೇಡಮ್ಮ. ಕೆಂಪು ಪೂರ್ತಿ ಹೋಯಿತಾ ಅಂತ ನೋಡು" ಅಂದರು. ಬಿಳಿ ಟೈಲ್ಸ್ ಮೇಲೆ, ಕಿಟಕಿಯ ಬೆಳಕಲ್ಲಿ, ಅಂಚಿನಲ್ಲಿದ್ದ ಕೆಂಪು ಛಾಯೆ ಕರಗುವುದು ನನಗೆ ಕಂಡಿದ್ದು ಅವತ್ತೇ.

ಈಗ ಮುಗಿದ ಒಂದು ಫ್ಲಾಸ್ಕನ್ನು ಪಕ್ಕದಲ್ಲಿ ಇಟ್ಟುಕೊಂಡೇ ಮುಂದಿನದು ಮಾಡುತ್ತೇನೆ. ನೆನಪಿನ ನೀಲಿಗಿಂತ ಕಣ್ಣೆದುರಿನ ನೀಲಿ ನಂಬಬಹುದು, ಅಲ್ವಾ? ಇಂಡಿಕೇಟರನ್ನು ಉಪ್ಪಿನ ಜೊತೆ ಅರೆದು ಪುಡಿಯಾಗಿ ಇಡುತ್ತೇವೆ, ದ್ರಾವಣ ಬೇಗ ಹಾಳಾಗುತ್ತದೆ. ಬಫರ್ ಹಾಕಿದ ಮೇಲೆ ಐದು ನಿಮಿಷದೊಳಗೆ ಮುಗಿಸಬೇಕು ಅನ್ನುವುದೂ ಇದೆ. ಅದಕ್ಕೇ ಇಷ್ಟು ಗಡಸು ನೀರಾದರೆ ಮೊದಲ ಹದಿಮೂರು ಮಿಲಿ ಬೇಗ ಬಿಟ್ಟು, ಉಳಿದ ಸಮಯವನ್ನೆಲ್ಲ ಕೊನೆಯ ಹನಿಗಳಿಗೆ ಕೊಡುತ್ತೇನೆ.

ಆ ರೈತರು ರಿಪೋರ್ಟಿಗೆ ಬಂದಾಗ, ಮೊದಲ ಸಲ ನಾನು ತಪ್ಪು ಮಾಡಿದ್ದೆ, ಅದಕ್ಕೇ ಒಂದು ದಿನ ತಡ ಆಯಿತು ಅಂದೆ. "ಇರ್ಲಿ ಬುಡವ್ವ, ತಿರ್ಗ ನೋಡಿದ್ರಲ್ಲ" ಅಂದರು. ಆಮೇಲೆ ಕಾಗದ ಮಡಚುತ್ತಾ ಕೇಳಿದರು, "ಬೇಳೆಗೆ ಏನ್ ಮಾಡದು ಯೋಳು?" 584 ಆದರೂ ಗಡಸೇ ತಾನೇ. ಅಡುಗೆಗೆ ಕಾವೇರಿ ನಲ್ಲಿ ನೀರು ಹಿಡಿದಿಟ್ಟುಕೊಳ್ಳಿ ಅಂದೆ.