ಬೋಗುಣಿಯಲ್ಲಿ ಉಳಿದ ಹೆಬ್ಬೆರಳ ಗುರುತು

ಆ ಬೆಳಿಗ್ಗೆ, ನಾನು ಮಡಕೆ ಮಾಡಲು ಕಲಿಯುವ ಸ್ಟುಡಿಯೋಗೆ ಎಲ್ಲರಿಗಿಂತ ಮೊದಲು ಹೋಗಿದ್ದೆ. ನೆಲದ ಮೇಲೆ ಹಿಂದಿನ ದಿನದ ಮಣ್ಣಿನ ಚೂರುಗಳು ಒಣಗಿ ಬಿದ್ದಿದ್ದವು. ಮೂಲೆಯಲ್ಲಿ ಪೊರಕೆ ಇತ್ತು. ಎರಡು ಸಲ ಎಳೆದಿದ್ದೆ ಅಷ್ಟೆ, ಬಾಗಿಲಿನಿಂದ ಮೇಷ್ಟ್ರ ದನಿ ಕೇಳಿಸಿತು.

"ನಿಲ್ಲಿಸಿ, ನಿಲ್ಲಿಸಿ. ಪೊರಕೆ ಅಲ್ಲೇ ಬಿಟ್ಟು ಹೊರಗೆ ಬನ್ನಿ."

ಎಂಟು ತಿಂಗಳಲ್ಲಿ ಅವರು ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ. ತಿಗರಿಯ ಮೇಲೆ ನನ್ನ ಮಡಕೆ ಎಷ್ಟು ಸಲ ಕುಸಿದು ಬಿದ್ದರೂ "ಪರವಾಗಿಲ್ಲ, ಮಣ್ಣು ಎಲ್ಲೂ ಹೋಗಲ್ಲ, ಮತ್ತೆ ನಾದಿ" ಅನ್ನುವವರು. ಹೊರಗೆ ಬಂದ ಮೇಲೆ ಕಿಟಕಿಯ ಕಡೆ ಕೈ ತೋರಿಸಿದರು. ಬಿಸಿಲು ಕೋಲಿನ ಹಾಗೆ ಒಳಗೆ ಬಿದ್ದಿತ್ತು. ಅದರಲ್ಲಿ ನಾನು ಎಬ್ಬಿಸಿದ ಧೂಳು ನಿಧಾನಕ್ಕೆ ಸುತ್ತುತ್ತಾ ಇತ್ತು.

"ಈ ಕಾಣೋ ಧೂಳು ಮೂಗಲ್ಲೋ ಗಂಟಲಲ್ಲೋ ನಿಂತುಬಿಡುತ್ತೆ. ಕಾಣದೇ ಇರೋದು ಇದೆ ನೋಡಿ, ಅದು ಗಂಟೆಗಟ್ಟಲೆ ತೇಲ್ತಾ ಇರುತ್ತೆ. ಎದೆಯ ಒಳಗೆ ಇಳಿಯೋದು ಅದೇ."

ಜೇಡಿಮಣ್ಣಿನಲ್ಲೂ, ಮಡಕೆಗೆ ಗಾಜಿನ ಹೊಳಪು ಕೊಡುವ ಲೇಪವಾದ ಗ್ಲೇಜ್‌ನಲ್ಲೂ ಸಿಲಿಕಾ, ಅಂದರೆ ಮರಳಿನಲ್ಲಿರುವ ಖನಿಜ, ಇರುತ್ತದೆ. ಒದ್ದೆ ಇರುವಷ್ಟು ಹೊತ್ತು ಅದರಿಂದ ಏನೂ ತೊಂದರೆ ಇಲ್ಲ. ಒಣಗಿ ಪುಡಿಯಾದರೆ ಕಷ್ಟ. 10 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರ್‌ನ ನೂರನೇ ಒಂದು ಭಾಗಕ್ಕಿಂತ ಸಣ್ಣ ಕಣಗಳು ಉಸಿರಿನ ಜೊತೆ ಶ್ವಾಸಕೋಶದ ತನಕ ಹೋಗಬಲ್ಲವು. ಅದರಲ್ಲೂ ತೀರಾ ಸಣ್ಣವು ಅಲ್ಲೇ ಕೂತು ಗಾಯ ಮಾಡುತ್ತವೆ. ವರ್ಷಗಟ್ಟಲೆ ಹೀಗೇ ಆದರೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರುತ್ತದೆ. ಒಮ್ಮೆ ಬಂದರೆ ಅದನ್ನು ಪೂರ್ತಿ ಗುಣಪಡಿಸುವ ಔಷಧಿ ಇಲ್ಲ. ಇದನ್ನೆಲ್ಲ ಮೊದಲ ವಾರವೇ ಹೇಳಿದ್ದರು, ನಾನೂ ತಲೆಯಾಡಿಸಿದ್ದೆ. ಆದರೆ ಆ ಬಿಸಿಲ ಕೋಲನ್ನು ನೋಡುವ ತನಕ ಅದು ನನಗೆ ಬರೀ ಮಾತಾಗಿತ್ತು.

ಸ್ವಲ್ಪ ಹೊತ್ತು ಹೊರಗೇ ಕಾದು, ಆಮೇಲೆ ಬಕೆಟ್ ನೀರು ಹಿಡಿದು ಒಳಗೆ ಹೋದೆವು. ನೆಲಕ್ಕೆಲ್ಲ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಮೇಜು, ತಿಗರಿಯ ಸುತ್ತ, ಕಪಾಟಿನ ಅಂಚು ಎಲ್ಲಕ್ಕೂ ಸ್ಪಂಜು. ಹೀಗೆ ಒರೆಸಿದರೆ ಧೂಳು ಏಳುವುದಿಲ್ಲ, ನೀರಿನ ಜೊತೆ ಬಕೆಟ್‌ಗೆ ಬಂದುಬಿಡುತ್ತದೆ. ಏಪ್ರನ್ ಕೂಡ ಹಾಗೇ. ಅದನ್ನು ಕೊಡವಬಾರದು, ತೊಳೆಯಬೇಕು.

ಅವತ್ತು ಗ್ಲೇಜ್ ಹಾಕುವ ದಿನ. ನನ್ನ ಬೋಗುಣಿ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆ ಬೆಂದು ಬಂದಿತ್ತು. ಇದಕ್ಕೆ ಬಿಸ್ಕ್ ಅಂತಾರೆ. ಈ ಹಂತದಲ್ಲಿ ಮಡಕೆ ಗಟ್ಟಿ ಇರುತ್ತದೆ, ಆದರೆ ನೀರು ಕುಡಿಯುತ್ತದೆ. ಒದ್ದೆ ತುಟಿಗೆ ತಾಗಿಸಿದರೆ ಅಂಟಿಕೊಳ್ಳುತ್ತದೆ. ನನ್ನ ಎರಡು ಅಂಗೈ ತುಂಬುವಷ್ಟು ಅಗಲದ ಬೋಗುಣಿ ಅದು. ಅದರ ಗೋಡೆ ಮೇಲಿಂದ ಕೆಳಗಿನ ತನಕ ಒಂದೇ ದಪ್ಪ ಬಂದಿತ್ತು. ಅಷ್ಟು ಸರಿಯಾಗಿ ಬಂದ ಮೊದಲ ಪಾತ್ರೆ ಅದೇ, ಹಾಗಾಗಿ ಅದರ ಮೇಲೆ ನನಗೆ ಜಾಸ್ತಿ ಪ್ರೀತಿ. ಒದ್ದೆ ಸ್ಪಂಜಿನಲ್ಲಿ ಒಳಗೂ ಹೊರಗೂ ಒರೆಸಿ ಇಟ್ಟೆ. ಮೇಲೆ ಧೂಳು ಉಳಿದರೆ ಗ್ಲೇಜ್ ಹಿಡಿಯುವುದಿಲ್ಲ.

ಗ್ಲೇಜ್ ಕಲಸುವ ಕೆಲಸ ನನ್ನದು. ಎನ್-95 ಮಾಸ್ಕ್ ಮೂಗಿನ ಮೇಲೆ ಸಂದಿಲ್ಲದ ಹಾಗೆ ಒತ್ತಿ ಹಾಕಿಕೊಂಡೆ. ಮೊದಲು ನೀರು, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಸುರಿದರೆ ಮೋಡದ ಹಾಗೆ ಮೇಲೆದ್ದು ಬರುತ್ತದೆ. ನಮ್ಮ ಗ್ಲೇಜ್‌ನಲ್ಲಿ ಗಾಜಾಗುವುದು ಸಿಲಿಕಾ. ಅದು ಬೇಗ ಕರಗಲಿ ಅಂತ ಫೆಲ್ಡ್‌ಸ್ಪಾರ್ ಅನ್ನುವ ಖನಿಜ ಮತ್ತು ಸುಣ್ಣದ ಕಲ್ಲಿನ ಪುಡಿ. ಕರಗಿದ್ದು ಜಾರಿ ಹೋಗದಿರಲಿ ಅಂತ ಬಿಳಿ ಮಣ್ಣು, ಅಂದರೆ ಕಯೋಲಿನ್. ಬಣ್ಣಕ್ಕೆ ಕೋಬಾಲ್ಟ್ ಕಾರ್ಬೊನೇಟ್, ನೂರು ಗ್ರಾಂಗೆ ಒಂದು ಗ್ರಾಂ. ಅಷ್ಟಕ್ಕೇ ಕಡು ನೀಲಿ ಬರುತ್ತದೆ. ಆದರೆ ಬಕೆಟ್‌ನಲ್ಲಿ ನೋಡಿದರೆ ನೀಲಿಯ ಸುಳಿವೇ ಇಲ್ಲ, ಮಾಸಿದ ತಿಳಿ ನೇರಳೆ ಅಷ್ಟೆ. ಆ ಮಂಕು ನೀರಿನೊಳಗೆ ನೀಲಿ ಇದೆ ಅಂತ ನಂಬಿ ಕೆಲಸ ಮಾಡೋದು ನನಗೆ ಇವತ್ತಿಗೂ ಒಂದು ಖುಷಿ.

ಸೀಸದ ಮಾತು ಬಂದಿದ್ದು ಆಗಲೇ. ಹಿಂದೆ ಗ್ಲೇಜ್ ಸುಲಭವಾಗಿ ಕರಗಲಿ, ಮಿನುಗಲಿ ಅಂತ ಸೀಸ ಹಾಕುತ್ತಿದ್ದರು. ಕೆಲಸಗಾರರ ಕಾಯಿಲೆಗಳ ಬಗ್ಗೆ 1700ರಲ್ಲೇ ಬರೆದ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ, ಸೀಸ ಬಳಸುವ ಕುಂಬಾರರ ಕೈ ನಡುಗುವುದನ್ನೂ ಹಲ್ಲು ಉದುರುವುದನ್ನೂ ದಾಖಲಿಸಿದ್ದಾನೆ. ತಿಗರಿಯ ಮುಂದೆ ಕೂತವನಿಗೆ ಕೈ ನಡುಗುವುದು ಅಂದರೇನು ಅಂತ ನನ್ನಂಥ ಹವ್ಯಾಸಿಗೂ ಗೊತ್ತಾಗುತ್ತದೆ. ನಮ್ಮ ಸ್ಟುಡಿಯೋದೊಳಗೆ ಸೀಸ ಬರುವುದಿಲ್ಲ. ಒಳಗೆ ಕೂತು ಯಾರೂ ತಿನ್ನುವುದೂ ಇಲ್ಲ, ಕುಡಿಯುವುದೂ ಇಲ್ಲ.

ಕಲಸಿದ್ದನ್ನು 80 ಮೆಶ್ ಜರಡಿಯಲ್ಲಿ, ಅಂದರೆ ಇಂಚಿಗೆ 80 ತೂತಿನ ಜರಡಿಯಲ್ಲಿ ಸೋಸಿ, ಕೈ ತೊಳೆದೆ. ಬೆಳಿಗ್ಗೆಯಿಂದ ನೀರಲ್ಲೇ ಇದ್ದ ಕೈ ಒಡೆದು ಉರಿಯುತ್ತಿತ್ತು. ಚೀಲದಲ್ಲಿದ್ದ ಕ್ರೀಮ್ ಸ್ವಲ್ಪ ಹಚ್ಚಿಕೊಂಡೆ. ಆಮೇಲೆ ಬೋಗುಣಿ ಎತ್ತಿ, ಬುಡಕ್ಕೆ ಮೇಣ ಬಳಿದೆ. ಬುಡದಲ್ಲಿ ಗ್ಲೇಜ್ ಇದ್ದರೆ ಅದು ಕರಗಿ, ಮಡಕೆ ಸುಡುವ ಗೂಡಿನ ಹಲಗೆಗೆ ಅಂಟಿಬಿಡುತ್ತದೆ. ಮೇಣ ಆರಿದ ಮೇಲೆ ಇಕ್ಕಳದಲ್ಲಿ ಹಿಡಿದು ಅದ್ದಿದೆ. ಒಂದು, ಎರಡು, ಮೂರು. ಎತ್ತಿ ಓರೆ ಮಾಡಿ ಹನಿ ಇಳಿಸಿದೆ. ಮೇಲಿನ ಹೊಳಪು ಕಣ್ಣೆದುರೇ ಆರಿ ಹೋಯಿತು. ಮಡಕೆ ನೀರು ಹೀರಿಕೊಂಡು ಪುಡಿಯನ್ನು ಮಾತ್ರ ಮೇಲೆ ಉಳಿಸಿಕೊಂಡಿತು.

ಆ ಸಂಜೆ ಗೂಡು ಹಚ್ಚಿದರು. 1220 ಡಿಗ್ರಿ ಮುಟ್ಟಬೇಕು. ಬಿಸಿಗಾಳಿ ಹೊರಗೆ ಹೋಗಲು ಫ್ಯಾನ್ ಓಡುತ್ತಿತ್ತು. ಇಣುಕು ತೂತಿನಿಂದ ಒಳಗೆ ನೋಡಬೇಕಾದರೆ ಕಪ್ಪು ಕನ್ನಡಕ ಬೇಕೇಬೇಕು, ಆ ಝಳ ಕಣ್ಣಿಗೆ ಕೆಟ್ಟದ್ದು. ನಾನೂ ಕನ್ನಡಕ ಹಾಕಿಕೊಂಡು ಒಮ್ಮೆ ನೋಡಿದೆ. ಒಳಗೆ ಎಲ್ಲ ಕಿತ್ತಳೆ ಬೆಳಕು. ನನ್ನ ಬೋಗುಣಿ ಯಾವುದು, ಗೂಡಿನ ಗೋಡೆ ಯಾವುದು ಅಂತ ಗೊತ್ತಾಗಲಿಲ್ಲ.

ಸುಡುವುದಕ್ಕಿಂತ ಆರುವುದಕ್ಕೆ ಹೊತ್ತು ಜಾಸ್ತಿ. ಮಾರನೇ ದಿನವೆಲ್ಲ ಕಾದೆವು. ಮೂರನೇ ದಿನ ಮೀಟರ್ 60 ಡಿಗ್ರಿಗೆ ಇಳಿದ ಮೇಲೆ ಮೇಷ್ಟ್ರು ಮುಚ್ಚಳ ತೆಗೆದರು. ಅವಸರ ಮಾಡಿ ಬಿಸಿ ಇರುವಾಗಲೇ ತೆಗೆದರೆ ತಣ್ಣನೆ ಗಾಳಿ ತಾಗಿ ಪಾತ್ರೆ ಸೀಳುತ್ತದೆ. ಪಕ್ಕದವರ ಲೋಟದಿಂದ ಗ್ಲೇಜ್ ಇಳಿದು ಹಲಗೆಯ ಮೇಲೆ ಒಂದು ಹನಿ ಗಟ್ಟಿಯಾಗಿತ್ತು. ಮುಟ್ಟಲು ಕೈ ಚಾಚಿದ ನನ್ನನ್ನು ಮೇಷ್ಟ್ರು ತಡೆದರು. "ಅದು ಗಾಜಿನ ಅಲಗು. ಗ್ಲೌಸ್ ಹಾಕಿಕೊಳ್ಳಿ."

ನನ್ನ ಬೋಗುಣಿ ಕೆಳಗಿನ ಸಾಲಿನಲ್ಲಿತ್ತು. ಮಾಸಲು ನೇರಳೆ ಹೋಗಿ ನೀಲಿ ಬಂದಿತ್ತು. ಅಂಚಿನಲ್ಲಿ ಗ್ಲೇಜ್ ತೆಳುವಾಗಿ ಕಂದು ಗೆರೆ ಕಾಣುತ್ತಿತ್ತು, ತಳದಲ್ಲಿ ಕೂಡಿಕೊಂಡು ಆಳವಾಗಿತ್ತು. ಒಳಗೆ ನೋಡಿದೆ. ಅಂಚಿನಿಂದ ಎರಡು ಬೆರಳು ಕೆಳಗೆ ಒಂದು ಬೋಳು ಮಚ್ಚೆ. ಗ್ಲೇಜ್ ಅಲ್ಲಿಂದ ಹಿಂದೆ ಸರಿದು ಸುತ್ತ ಉಬ್ಬಿ ನಿಂತಿತ್ತು. ಮೊಟ್ಟೆಯಾಕಾರ, ಒಂದು ಕಡೆ ಸ್ವಲ್ಪ ಚೂಪು. ಹೆಬ್ಬೆರಳು ಇಟ್ಟು ನೋಡಿದೆ. ಸರಿಯಾಗಿ ಕೂತಿತು.

"ಕೈಗೆ ಏನಾದ್ರೂ ಹಚ್ಚಿದ್ರಾ?" ಅಂತ ಕೇಳಿದರು ಮೇಷ್ಟ್ರು.

ಕ್ರೀಮ್ ನೆನಪಾಯಿತು. ಎಣ್ಣೆ ಅಂಶ ತಾಗಿದ ಕಡೆ ಗ್ಲೇಜ್ ಕಚ್ಚಿಕೊಳ್ಳದೆ, ಕರಗುವಾಗ ಸರಿದುಬಿಡುತ್ತದೆ. ತುಂಬಾ ಬೇಜಾರಾಯಿತು. ಒಳಗೆ ಬೋಳು ಜಾಗ ಇದ್ದರೆ ಅದರಲ್ಲಿ ಊಟ ಬಡಿಸುವ ಹಾಗಿಲ್ಲ, ಸರಿಯಾಗಿ ತೊಳೆಯಲು ಬರುವುದಿಲ್ಲ. ಮೇಷ್ಟ್ರು ಬೋಗುಣಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಗೋಡೆ ಚೆನ್ನಾಗಿ ಎತ್ತಿದ್ದೀರಿ" ಅಂದರು.

ಅದನ್ನು ನಾನು ಮನೆಗೆ ಒಯ್ಯಲಿಲ್ಲ. ಸ್ಟುಡಿಯೋದಲ್ಲಿ ನನ್ನ ತಿಗರಿಯ ಪಕ್ಕದಲ್ಲೇ ಇದೆ. ಅದರಲ್ಲಿ ನೀರು, ನೀರಿನಲ್ಲಿ ಒರೆಸುವ ಸ್ಪಂಜು. ಕೆಲಸ ಮುಗಿದ ಮೇಲೆ ಸ್ಪಂಜು ಎತ್ತಿಕೊಳ್ಳುವಾಗ ಹೆಬ್ಬೆರಳು ಆ ಬೋಳು ಜಾಗಕ್ಕೇ ಹೋಗಿ ಕೂರುತ್ತದೆ.