ಬೇಲಿಯಾಚೆಯ ವಿದ್ಯುದಾಗಾರ

ತಿಬೇರಿಯಾಸ್‌ನಿಂದ ದಕ್ಷಿಣಕ್ಕೆ ಹೊರಟ ಬಸ್ಸು ಗಲಿಲಿ ಸರೋವರದ ತುದಿಯಲ್ಲಿ ದೆಗಾನಿಯಾ ಅಣೆಕಟ್ಟಿನ ಪಕ್ಕದಲ್ಲೇ ಹಾದುಹೋಗುತ್ತದೆ. ಕೆಆರ್‌ಎಸ್ ಕಂಡ ಕಣ್ಣಿಗೆ ಅದು ಕಾಲುವೆಯ ತೂಬು, ಅಷ್ಟೆ. ಆದರೆ 1930ರ ದಶಕದಲ್ಲಿ ಈ ಬಾಗಿಲುಗಳನ್ನು ಏರಿಸಿ ಇಳಿಸಿ ಇಡೀ ಸರೋವರದ ಮಟ್ಟ ಕಾಯುತ್ತಿದ್ದುದು ಒಂದು ವಿದ್ಯುತ್ ಕಂಪನಿ.

ಹೈಫಾದಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿರುವ, ಮಂಗಳೂರಿನ ನನ್ನ ಭಾವಮೈದುನ ಜೊತೆಗಿದ್ದ. "ಭಾವ, ಯೇಸು ನಡೆದಾಡಿದ ಊರು ಬಿಟ್ಟು ಕರೆಂಟಿನ ಕಥೆ ಹುಡುಕಿಕೊಂಡು ಬಂದವರು ನೀವೊಬ್ಬರೇ" ಎಂದು ಗೊಣಗಿದ.

ಗೆಶೆರ್‌ನಲ್ಲಿ ಇಳಿದೆವು. ಜೋರ್ಡಾನ್ ನದಿಗೆ ಇಲ್ಲಿ ಮೂರು ಸೇತುವೆಗಳು: ಹಳೆಯ ಕಲ್ಲಿನದು, ತುರ್ಕರ ರೈಲಿನದು, ಬ್ರಿಟಿಷರದು. ನದಿಯೋ, ಜೊಂಡಿನ ನಡುವೆ ಹಸಿರುಗಟ್ಟಿದ ಕಿರುಹರಿವು. ಸ್ವಲ್ಪ ಮೇಲಕ್ಕೆ ಯಾರ್ಮೂಕ್ ಬಂದು ಕೂಡುವ ನಹರಾಯಿಮ್‌ನಲ್ಲಿ, 1932ರಲ್ಲಿ ಆ ಕಂಪನಿಯ ಸ್ಥಾಪಕ, ಯೆಹೂದಿ ಎಂಜಿನಿಯರ್ ಪಿನ್ಹಾಸ್ ರುಟೆನ್‌ಬರ್ಗ್‌ನ ಜಲವಿದ್ಯುತ್ ಕೇಂದ್ರ ಶುರುವಾಯಿತು. 1948ರ ಯುದ್ಧದಲ್ಲಿ ನಿಂತುಹೋಯಿತು. ಅದರ ಅವಶೇಷಗಳಿರುವುದು ಜೋರ್ಡಾನ್ ದೇಶದ ಬಾಕೂರಾದಲ್ಲಿ. 1994ರ ಶಾಂತಿ ಒಪ್ಪಂದ ಇಸ್ರೇಲಿಗರಿಗೆ ಕೊಟ್ಟಿದ್ದ ಬಳಕೆಯ ಅವಕಾಶ 2019ರ ನವೆಂಬರ್‌ನಲ್ಲಿ ಮುಗಿದಿದೆ. ನಾವು ಈಚೆ ದಡದ ಸಂಗ್ರಹಾಲಯದಲ್ಲೇ ತೃಪ್ತಿಪಡಬೇಕಾಯಿತು.

ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಯಂತ್ರಗಳಲ್ಲ, ಗುತ್ತಿಗೆಯ ಕಾಗದ. 1921ರ ಸೆಪ್ಟೆಂಬರ್‌ನಲ್ಲಿ ಪ್ಯಾಲೆಸ್ತೀನಿನ ಬ್ರಿಟಿಷ್ ಆಡಳಿತ ರುಟೆನ್‌ಬರ್ಗ್‌ಗೆ ವಿದ್ಯುತ್ ಉತ್ಪಾದಿಸುವ ಎರಡು ಗುತ್ತಿಗೆಗಳಿಗೆ ಒಪ್ಪಿಗೆ ಕೊಟ್ಟಿತು. ಒಂದು ಜಾಫಾ ಬಳಿಯ ಔಜಾ ನದಿಯದು, ಇನ್ನೊಂದು ಜೋರ್ಡಾನಿನದು. ಎರಡನೆಯದಕ್ಕೆ ಅಂತಿಮ ಸಹಿ ಬಿದ್ದದ್ದು 1926ರಲ್ಲಿ, ಅದೂ 70 ವರ್ಷಕ್ಕೆ. ಔಜಾದ ನೀರಿನಿಂದ ವಿದ್ಯುತ್ ತೆಗೆಯಬೇಕಿದ್ದವರು 1923ರಲ್ಲಿ ಟೆಲ್ ಅವೀವ್‌ನಲ್ಲಿ ಡೀಸೆಲ್ ಎಂಜಿನ್ ಕೂರಿಸಿದರು. ಕರಾರು ಕಾಯಬೇಕಿದ್ದ ಸರ್ಕಾರ ಅದನ್ನೂ ನಡೆಯಗೊಟ್ಟಿತು. ಅರಬ್ಬರ ವಿರೋಧ ಲಂಡನ್ ತಲುಪಿತ್ತು. 1922ರ ಜುಲೈನಲ್ಲಿ ಕಾಮನ್ಸ್ ಸಭೆಯಲ್ಲಿ ವಸಾಹತು ಸಚಿವ ಚರ್ಚಿಲ್ ಗುತ್ತಿಗೆಯನ್ನು ಸಮರ್ಥಿಸಿ ಗೆದ್ದರು.

ಕಾವಲುಗಾರನಾಗಬೇಕಿದ್ದ ಆ ಸರ್ಕಾರದ ನಿಜವಾದ ಎಡವಟ್ಟು ಬೇರೆಯೇ ಇತ್ತು. ರುಟೆನ್‌ಬರ್ಗ್‌ನ ಗುತ್ತಿಗೆ ಪತ್ರದ 29ನೇ ಕಲಮು, ಹಳೆಯ ಗುತ್ತಿಗೆ ಏನಾದರೂ ಅಡ್ಡ ಬಂದರೆ, ಆತ ಕೇಳಿಕೊಂಡಾಗ, ಪರಿಹಾರ ಕೊಟ್ಟು ರದ್ದು ಮಾಡಲು ಪ್ಯಾಲೆಸ್ತೀನಿನ ಬ್ರಿಟಿಷ್ ಆಡಳಿತದ ಮುಖ್ಯಸ್ಥನಾದ ಹೈಕಮಿಷನರ್‌ನನ್ನು ಕಟ್ಟಿಹಾಕಿತ್ತು. ಅಂಥ ಹಳೆಯ ಗುತ್ತಿಗೆ ಇದ್ದೇ ಇತ್ತು: ಯುರಿಪಿಡೀಸ್ ಮಾವ್ರೊಮ್ಮಾಟಿಸ್ ಎಂಬ ಗ್ರೀಕ್ ಪ್ರಜೆ ಜೆರುಸಲೇಮಿನ ವಿದ್ಯುತ್ತಿಗಾಗಿ ಆಗ ಅಲ್ಲಿ ಆಳುತ್ತಿದ್ದ ತುರ್ಕರಿಂದ 1914ರಲ್ಲೇ ಪಡೆದದ್ದು. ಗ್ರೀಸ್ ಸರ್ಕಾರ ಹೇಗ್‌ನ ಆಗಿನ ಕಾಯಂ ಅಂತಾರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. 1925ರ ತೀರ್ಪು ಆತನ ಜೆರುಸಲೇಮ್ ಗುತ್ತಿಗೆ ಊರ್ಜಿತ ಎಂದಿತು. ನಷ್ಟವೇನೂ ಸಾಬೀತಾಗಿಲ್ಲವೆಂದು ಪರಿಹಾರ ಮಾತ್ರ ಕೊಡಲಿಲ್ಲ. ಒಂದೇ ಹೊಲವನ್ನು ಇಬ್ಬರಿಗೆ ಬರೆದುಕೊಡುವ ಶಾನುಭೋಗನ ಕೆಲಸ ಇದು.

ಹೀಗಾಗಿ ಜೆರುಸಲೇಮ್ ರುಟೆನ್‌ಬರ್ಗ್‌ನ ಕೈಗೆ ಸಿಗಲಿಲ್ಲ. ಪವಿತ್ರ ಸಮಾಧಿ ಚರ್ಚಿನ ಗುಮ್ಮಟವನ್ನು ಕೇಂದ್ರವಾಗಿಟ್ಟು 20 ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆದರೆ, ಅದು ಮಾವ್ರೊಮ್ಮಾಟಿಸ್‌ನ ಹಕ್ಕಿನ ಸೀಮೆ. ಮರುದಿನ ಪೂರ್ವ ಜೆರುಸಲೇಮಿಗೆ ಹೋದಾಗ ಭಾವಮೈದುನ ಕೇಳಿದ: "ಹಾಗಾದರೆ ಇಲ್ಲಿಯವರಿಗೆ ಬಿಲ್ ಕೊಡುವುದು ಬೇರೆ ಕಂಪನಿಯೇ?" ಹೌದು, ಇಂದಿಗೂ ಜೆರುಸಲೇಮ್ ಜಿಲ್ಲಾ ವಿದ್ಯುತ್ ಕಂಪನಿ. ಅದರ ಮೂಲ ಆ ತುರ್ಕಿ ಕಾಗದ.