ಥಾಣೆ ಖಾಡಿಯ ಕೆಸರಿನ ಲೆಕ್ಕ

ಉಲ್ಹಾಸ್ ನದಿಯ ಕಡೆಯಿಂದ ಮುಂಬೈ ಬಂದರಿನವರೆಗೆ ಚಾಚಿರುವ ಥಾಣೆ ಖಾಡಿಯ (ನೆಲದೊಳಕ್ಕೆ ನುಗ್ಗಿದ ಸಮುದ್ರದ ಕಿರಿದಾದ ಚಾಚಿನ) ಪೂರ್ವ ದಡದಲ್ಲಿ 1960ರ ದಶಕದಿಂದ ಕೈಗಾರಿಕಾ ಪ್ರದೇಶ ಬೆಳೆದಿದೆ, ಪಶ್ಚಿಮದಿಂದ ಮಹಾನಗರದ ಚರಂಡಿ ನೀರು ಬಂದು ಸೇರುತ್ತದೆ. ಅದೇ ಕೆಸರಿನಲ್ಲಿ ಪ್ರತಿವರ್ಷ ಸಾವಿರಾರು ರಾಜಹಂಸಗಳು ಮೇಯುತ್ತವೆ. ಹಾಗಾಗಿಯೇ ಇದು 2015ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳಾದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಈ ಕೆಸರಿನಲ್ಲಿ ಯಾವ ಲೋಹ ಎಷ್ಟಿದೆಯೆಂದು ಅಳೆಯಲು ಇಳಿತದ ಹೊತ್ತಿನಲ್ಲಿ ಪ್ಲಾಸ್ಟಿಕ್ ಕೊಳವೆಯನ್ನು ಕೆಸರಿಗೆ ಒತ್ತಿ ಮೇಲೆತ್ತಿದರೆ, ಮೇಲ್ತುದಿಯ ಕೆಲವು ಮಿಲಿಮೀಟರ್ ಕಂದು ಪದರದ ಕೆಳಗೆ ಕಾಡಿಗೆಯಂಥ ಕಪ್ಪು ಮಣ್ಣು ಕಾಣುತ್ತದೆ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಅದನ್ನು ಒಂದೊಂದು ಸೆಂಟಿಮೀಟರಿನ ಬಿಲ್ಲೆಗಳಾಗಿ ಕತ್ತರಿಸುವಾಗ ನಾವು ಉಕ್ಕಿನ ಚಾಕುವನ್ನು ಮುಟ್ಟುವುದಿಲ್ಲ. ಅದರ ಕ್ರೋಮಿಯಂ, ನಿಕಲ್ ಮಣ್ಣಿಗಂಟಿದರೆ ನಮ್ಮ ಕೈಯಿಂದಲೇ ಆದ ಮಾಲಿನ್ಯವನ್ನು ಖಾಡಿಯ ಲೆಕ್ಕಕ್ಕೆ ಬರೆದಂತಾಗುತ್ತದೆ.

ಲೆಕ್ಕ ತಪ್ಪುವ ಇನ್ನೊಂದು ದಾರಿ ಇದಕ್ಕಿಂತ ದೊಡ್ಡದು. ಕೆಸರಿನಲ್ಲಿ ಸಿಕ್ಕ ಲೋಹವನ್ನು ಜೇಡಿಶಿಲೆಯ ಜಾಗತಿಕ ಸರಾಸರಿಯೊಂದಿಗೆ ಹೋಲಿಸುವುದು ರೂಢಿ, ಆ ಸರಾಸರಿಯಲ್ಲಿ ತಾಮ್ರ ಕಿಲೋಗೆ 45 ಮಿಲಿಗ್ರಾಂ. ಆದರೆ ಮುಂಬೈಯ ಸುತ್ತಲಿನ ನೆಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಾದದ್ದು, ದಖನ್ನಿನ ಈ ಕಪ್ಪುಶಿಲೆಯಲ್ಲಿ ತಾಮ್ರ 100 ಮಿಲಿಗ್ರಾಂ ದಾಟುವುದು ಸಾಮಾನ್ಯ. ಬೆಟ್ಟ ಸವೆದು ಬಂದ ತಾಮ್ರವನ್ನು ಕಾರ್ಖಾನೆಯ ತಲೆಗೆ ಕಟ್ಟಿದರೆ, ಆ ಶಿಲೆಯಲ್ಲಿ ತೀರ ಕಡಿಮೆ ಇರುವ ಸೀಸದಂಥ ಲೋಹದ ನಿಜವಾದ ಏರಿಕೆಯನ್ನು ಹೇಳುವಾಗಲೂ ಜನ ನಂಬುವುದಿಲ್ಲ. ಆದ್ದರಿಂದ ಕೊಳವೆಯ ಆಳದ, ಕೈಗಾರಿಕೆಗೂ ಹಿಂದಿನ ಪದರವನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಪ್ರತಿ ಲೋಹವನ್ನೂ ಜೇಡಿಯಲ್ಲಿ ಸಹಜವಾಗಿಯೇ ಹೇರಳವಾಗಿರುವ ಅಲ್ಯುಮಿನಿಯಂ ಜೊತೆಗಿನ ಅನುಪಾತವಾಗಿ ನೋಡುವುದು ಸರಿಯೆಂಬುದು ನನ್ನ ದೃಢವಾದ ಅಭಿಪ್ರಾಯ. ಹೀಗೆ ಮಾಡಿದರೆ ಮರಳು ಹೆಚ್ಚಿರುವ ಬಿಲ್ಲೆ, ಜೇಡಿ ಹೆಚ್ಚಿರುವ ಬಿಲ್ಲೆ ಎಂಬ ವ್ಯತ್ಯಾಸವೂ ನಮ್ಮನ್ನು ದಾರಿ ತಪ್ಪಿಸುವುದಿಲ್ಲ.

ಒಟ್ಟು ಪ್ರಮಾಣ ಸಿಕ್ಕಿತೆಂದರೆ ಕೆಲಸ ಮುಗಿಯಲಿಲ್ಲ. ಆಮ್ಲಜನಕವಿಲ್ಲದ ಕಪ್ಪು ಮಣ್ಣಿನಲ್ಲಿ ಕ್ಯಾಡ್ಮಿಯಂ, ಸತು, ಸೀಸಗಳು ಗಂಧಕದ ಒಂದು ರೂಪವಾದ ಸಲ್ಫೈಡಿನೊಂದಿಗೆ ಬಿಗಿದುಕೊಂಡು ಬಹುಮಟ್ಟಿಗೆ ತೆಪ್ಪಗಿರುತ್ತವೆ. ಪಾದರಸದ ಸ್ವಭಾವ ಬೇರೆ: ಅದೇ ಮಣ್ಣಿನ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳು ಅದರ ಒಂದಂಶವನ್ನು ಜೀವಿಗಳ ಮೈಗೆ ಸುಲಭವಾಗಿ ಸೇರುವ ವಿಷವಾದ ಮೀಥೈಲ್ ಪಾದರಸವಾಗಿಸುತ್ತವೆ, ಅದು ಹುಳುವಿನಿಂದ ಮೀನಿಗೆ, ಮೀನಿನಿಂದ ಉಣ್ಣುವವರ ತಟ್ಟೆಗೆ ಏರುತ್ತಾ ಸಾಂದ್ರವಾಗುತ್ತದೆ.

ಹೂಳೆತ್ತುವ ಯೋಜನೆಗಳ ವರದಿಗಳಲ್ಲಿ ಒಟ್ಟು ಪ್ರಮಾಣದ ಕೋಷ್ಟಕವೊಂದನ್ನೇ ಕಂಡಾಗ ನನಗೆ ಸಂಕಟವಾಗುವುದು ಇದಕ್ಕೇ. ಮೇಲೆತ್ತಿ ದಡದಲ್ಲಿ ಸುರಿದ ಕೆಸರು ಗಾಳಿಗೆ ಒಡ್ಡಿಕೊಂಡು ಕಪ್ಪಿನಿಂದ ಕಂದಿಗೆ ತಿರುಗುತ್ತದೆ, ಆ ಬಣ್ಣ ತಿರುಗುವ ಹೊತ್ತಿಗೆ ಸಲ್ಫೈಡಿನ ಹಿಡಿತ ಬಿಟ್ಟ ಲೋಹ ಮುಂದಿನ ಮಳೆನೀರಿನೊಂದಿಗೆ ಮತ್ತೆ ಖಾಡಿಗಿಳಿಯಬಲ್ಲದು.